ಡಿ ಡ್ರೈವ್‌ನಲ್ಲಿಟ್ಟ ಮದುವೆಗಳು

ಗಣಿ ಆಫೀಸಿನವರು ಖಾದರಸಾಬನನ್ನು ಎಸಿ ಕಾರಿನಲ್ಲಿ ಕರೆದುಕೊಂಡು ಹೋದರು. ಕೆಲಸ ಮುಗಿದ ಮೇಲೆ ಕುಡತಿನಿ ಕ್ರಾಸಿನವರೆಗೆ ನಡೆದು ಹೋಗು ಅಂದರು. ಅದಿರು ಲಾರಿಗಳ ಧೂಳು ತಿನ್ನುತ್ತಾ ನಡೆದು, ಬಸ್ಸು ಹಿಡಿದು ಅವನು ಬಳ್ಳಾರಿಯ ಬ್ರೂಸ್‌ಪೇಟೆಯ ನಮ್ಮ ಗಲ್ಲಿಗೆ ಬಂದಾಗ ಹುಬ್ಬು, ಗಡ್ಡ, ಟೋಪಿ ಎಲ್ಲಾ ಒಂದೇ ಕೆಂಪು. ಕರೆಯಲು ಬಂದ ಕಾರು ಬಿಡಲು ಬರಬಾರದೇ? ಆ ಜನರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಆದರೆ ಆ ಕಾರು ಹತ್ತು ಎಂದು ಅವನನ್ನು ಎಬ್ಬಿಸಿ ಕಳಿಸಿದವನು ನಾನೇ.

ನಾನು ಸುಂಕಣ್ಣ. ಗ್ಯಾಸ್ ಒಲೆ, ಕುಕ್ಕರ್ ರಿಪೇರಿ ಮಾಡುವವನು. ಸಾಲಿ ಕಲಿತದ್ದು ಕಡಿಮೆ, ಬಾಯಿ ದೊಡ್ಡದು. ನನ್ನ ಅಂಗಡಿಗೂ ಖಾದರಸಾಬನ ಅಂಗಡಿಗೂ ನಡುವೆ ಒಂದೇ ಹಲಗೆ. ಅವನು ಕುರುಗೋಡಿನವನು. ಅಲ್ಲಿ ರೇಡಿಯೋ ರಿಪೇರಿ ಕಲಿತು, ಬಳ್ಳಾರಿಗೆ ಬಂದು ಟೇಪ್ ರೆಕಾರ್ಡರ್, ಟೀವಿ ಎಂದು ಬದುಕು ಕಟ್ಟಿಕೊಂಡವನು. ಗಣಿಯ ದುಡ್ಡು ಊರಿಗೆ ನುಗ್ಗಿದಾಗ ಲಾರಿ ಕೊಂಡವರ ಮನೆಗೂ ಕಂಪ್ಯೂಟರ್ ಬಂತು. ಟೇಪ್ ರೆಕಾರ್ಡರ್ ಹಿಡಿದು ಬರುವವರು ನಿಂತೇ ಹೋದರು. ಆಗ ತಲೆ ಬೆಳ್ಳಗಾಗಿದ್ದ ಈ ಮನುಷ್ಯ ಮೀಸೆ ಚಿಗುರದ ಹುಡುಗರ ಪಕ್ಕ ಕೂತು ಕಂಪ್ಯೂಟರ್ ಕೆಲಸ ಕಲಿತ.

ಕಲಿತರೂ ರೇಡಿಯೋದವನ ಅಭ್ಯಾಸ ಬಿಡಲಿಲ್ಲ. ಯಾವ ಯಂತ್ರ ಬರಲಿ, ಸ್ಕ್ರೂಡ್ರೈವರ್ ತುದಿಯನ್ನು ಡಬ್ಬಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೂರುತ್ತಿದ್ದ. ವೈದ್ಯ ಎದೆ ನೋಡಿದ ಹಾಗೆ.

“ಯಂತ್ರ ಸುಳ್ಳು ಹೇಳಂಗಿಲ್ಲ ಸುಂಕಣ್ಣ, ಗಿರಾಕಿ ಹೇಳ್ತಾನ,” ಅನ್ನುತ್ತಿದ್ದ.

“ನನ್ನ ಕುಕ್ಕರ್ ತಾವೇ ಸೀಟಿ ಹೊಡದು ಹೇಳ್ತಾವ ಖಾದರಣ್ಣ, ನಿನ್ನಂಗ ಕಿವಿ ಹಚ್ಚೋ ಕರ್ಮ ನನಗಿಲ್ಲ,” ಅನ್ನುತ್ತಿದ್ದೆ ನಾನು.

ಮದುವೆಗಳ ಗದ್ದಲ ಆಗತಾನೇ ಮುಗಿದಿತ್ತು. ಸಿರುಗುಪ್ಪದಿಂದ ಅನಿತಾ ಎಂಬ ಹೆಣ್ಣುಮಗಳು ಕಂಪ್ಯೂಟರಿನ ಡಬ್ಬಿಯನ್ನು ಹಳೆಯ ಚಾದರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಅಲ್ಲಿ ಹೊಸದಾಗಿ ಫೋಟೋ ಸ್ಟುಡಿಯೋ ಹಾಕಿದ್ದಳು. ಹೆಂಗಸು ಮದುವೆ ಫೋಟೋ ತೆಗೆಯುತ್ತಾಳೆ ಎಂದು ಜನ ನಕ್ಕರೂ ಕರೆಯಲು ಶುರು ಮಾಡಿದ್ದರು.

“ಚಾಚಾ, ಬಾಳ ಸ್ಲೋ ಆಗೇತಿ,” ಅಂದಳು ಖಾದರಸಾಬನಿಗೆ. “ಒಂದು ಫೋಟೋ ತೆರಿಯೋದ್ರಾಗ ಚಾ ಕುಡುದು ಬರಬೌದು. ಒಳಗ ಟಿಕ್ ಟಿಕ್ ಅಂತೈತಿ.”

“ಡಬ್ಯಾಗ ಗಡಿಯಾರ ಇಟ್ಟಿಯೇನ್ ತಂಗಿ?” ಎಂದು ನಾನು ಈಚೆಯಿಂದ ಬಾಯಿ ಹಾಕಿದೆ.

ಅವಳು ನಗಲಿಲ್ಲ. “ಈ ಸಲದ ಮದಿವಿ ಎಲ್ಲಾ ಇದರಾಗ ಅದಾವ ಚಾಚಾ. ಕ್ಯಾಮೆರಾದಾಗ ಅಳಿಸಿ ಅಳಿಸಿ ಹೊಸಾವು ತಗದೀನಿ. ಒಬ್ರಿಗೂ ಆಲ್ಬಂ ಕೊಟ್ಟಿಲ್ಲ. ಇವು ಹೋದ್ರ ಸಿರುಗುಪ್ಪದಾಗ ನಾ ಮುಖ ತೋರ್ಸಂಗಿಲ್ಲ.”

ಖಾದರಸಾಬ್ ಸ್ಕ್ರೂಡ್ರೈವರ್ ಕೈಗೆ ತಗೊಂಡ. ಅಷ್ಟರಲ್ಲಿ ಗಲ್ಲಿಯ ಬಾಯಲ್ಲಿ ಕಾರು ಹಾರ್ನ್ ಹೊಡೆಯಿತು. ಕುಡತಿನಿ ಕಡೆಯ ಗಣಿ ಆಫೀಸಿನದು. ಡ್ರೈವರ್ ಇಳಿದು ಬಂದ: “ಸಾಬ್ರೇ, ತೂಕದ ಕಂಪ್ಯೂಟರ್ ಬಂದ್ ಆಗಿ ಲಾರಿ ಎಲ್ಲಾ ನಿಂತಾವ. ಜಲ್ದಿ ನಡೀರಿ.”

ಅಂಥ ಕಾರು ನಮ್ಮ ಗಲ್ಲಿಗೆ ಬಂದದ್ದೇ ನನಗೆ ಮೈ ಉಬ್ಬಿತು. “ನಡಿ ಖಾದರಣ್ಣ! ಇದಕ್ಕೊಂದು ಫಾರ್ಮ್ಯಾಟ್ ಹೊಡದು ಹೋಗು,” ಅಂದೆ.

“ಮೊದಲ ಕಿವಿ ಹಚ್ಚಿ ಕೇಳಬೇಕಲ್ಲೋ.”

“ಕೇಳಾಕೇನೈತಿ? ಸ್ಲೋ ಅಂದ್ರ ಫಾರ್ಮ್ಯಾಟ್, ಊರಿಗೆಲ್ಲಾ ಗೊತ್ತಿದ್ದದ್ದು. ಗಣಿಯವ್ರು ಇನ್ನೊಬ್ಬನ್ನ ಹುಡುಕ್ಯಾರು, ಆಮ್ಯಾಲ ನಿನ್ನ ಸ್ಕ್ರೂಡ್ರೈವರ್‌ಗೆ ಕಿವಿ ಹಚ್ಚಿ ಕುಂದರು!”

ಅದು ಆಗ ಬಳ್ಳಾರಿಯ ಎಲ್ಲ ಅಂಗಡಿಗಳ ಔಷಧ. ಕಂಪ್ಯೂಟರಿಗೆ ಏನೇ ಆಗಲಿ, ಎಲ್ಲಾ ಅಳಿಸಿ ಹೊಸದಾಗಿ ತುಂಬುವುದು. ಇರುವ ಫೋಟೋ, ಹಾಡುಗಳನ್ನು ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಸರಿಸಿ, ಸಿ ಮಾತ್ರ ತೊಳೆಯುವುದು. ಖಾದರಸಾಬ್ ಹಾಗೇ ಮಾಡಿದ. ಫೋಟೋಗಳು ಸರಿಯುವುದೂ ತೆವಳುತ್ತಿತ್ತು, ಡ್ರೈವರ್ ನಿಂತಲ್ಲೇ ಕಾಲು ಕುಣಿಸುತ್ತಿದ್ದ. ಕಡೆಗೆ ಖಾದರಸಾಬ್ ಹೊಸದಾಗಿ ತುಂಬುವ ಸೀಡಿ ಹಾಕಿ ಎದ್ದ. “ತಂಗಿ, ಫೋಟೋ ಡಿ ಒಳಗ ಭದ್ರ ಅದಾವ. ಇದು ತಾನೇ ಮುಗಿಸ್ತೈತಿ,” ಎಂದು ಹೇಳಿ ಕಾರು ಹತ್ತಿದ.

ಆಮೇಲೆ ನನಗೆ ತಿಳಿದದ್ದು ಇಷ್ಟು: ಪರದೆಯ ಮೇಲೆ ಸಿ, ಡಿ ಎಂದು ಎರಡು ಕಂಡರೂ ಡಬ್ಬಿಯೊಳಗೆ ಇರುವುದು ಒಂದೇ ಡಿಸ್ಕು. ಒಂದೇ ಮನೆಯ ಎರಡು ಕೋಣೆ. ಮನೆಯೇ ಕುಸಿಯುತ್ತಿರುವಾಗ ಸಾಮಾನನ್ನು ಪಡಸಾಲೆಯಿಂದ ಅಡುಗೆಮನೆಗೆ ಹೊತ್ತ ಹಾಗಾಗಿತ್ತು ಅವನು ಮಾಡಿದ್ದು.

ಅವನು ಹೋದ ಸ್ವಲ್ಪ ಹೊತ್ತಿಗೆ ಟಿಕ್ ಟಿಕ್ ಅನ್ನುತ್ತಿದ್ದದ್ದು ಟಕ್ ಟಕ್ ಆಯಿತು. ಹಲಗೆಯ ಈಚೆಗೂ ಕೇಳುತ್ತಿತ್ತು.

“ಅಣ್ಣಾ, ಸಪ್ಪಳ ಜೋರಾತು. ಬಂದ್ ಮಾಡ್ಲಾ?” ಅಂದಳು ಅನಿತಾ.

“ಮುಟ್ಟಬ್ಯಾಡ! ಖಾದರಣ್ಣ ಹೇಳಿಲ್ಲೇನು, ತಾನೇ ಮುಗಿಸ್ತೈತಿ ಅಂತ?”

ಸಪ್ಪಳ ನಿಂತಿತು. ನಾನು ಎದ್ದು ಹಲಗೆಯಾಚೆ ಹೋದೆ. ಪರದೆ ಕಪ್ಪಾಗಿ, ಒಂದು ಬಿಳಿ ಸಾಲು ಮೂಡಿತು. ಇಂಗ್ಲಿಷಿನದು, ನನಗೆ ಓದಲು ಬರಲಿಲ್ಲ. ಅವಳು ಓದಿದಳು: “ಡಿಸ್ಕೇ ಇಲ್ಲ ಅಂತೈತಿ.” ಅವಳ ಮುಖ ನೋಡಿ ನನಗೆ ಹೆದರಿಕೆ ಆಯಿತು. ಹೆದರಿಕೆ ಆದಾಗ ನಾನು ಕೂಗುತ್ತೇನೆ. ಅದು ನನ್ನ ಹುಟ್ಟುಗುಣ.

“ಏನ್ ಒತ್ತಿದಿ? ಮುಟ್ಟಬ್ಯಾಡ ಅಂದ್ರೂ ಮುಟ್ಟಿದಿ! ಬಳಸಾಕ ಬರದೋರಿಗೆ ಯಾಕ ಬೇಕ ಇಂಥಾವು? ಮನ್ಯಾಗ ರೊಟ್ಟಿ ಬಡಕೊಂಡು ಇರಬೇಕು!”

ಗಲ್ಲಿಯವರೆಲ್ಲ ಬಂದು ನಿಂತರು. ಯಾರೋ ನಕ್ಕರು. ಅವಳು ದುಪಟ್ಟಾದಿಂದ ಆ ಡಬ್ಬಿಯನ್ನು ಒರೆಸುತ್ತಾ ಕೂತಳು.

ಸಂಜೆ ಕೆಂಪು ಮೈಯಲ್ಲಿ ಬಂದ ಖಾದರಸಾಬ್ ಮುಖ ಕೂಡ ತೊಳೆಯಲಿಲ್ಲ. ಡಬ್ಬಿಗೆ ಕರೆಂಟು ಕೊಟ್ಟು ಕಿವಿ ಹಚ್ಚಿದ. ತೆಗೆದ. ಮತ್ತೆ ಹಚ್ಚಿದ.

“ಇದರ ಜೀವ ಹೋಗೇತಿ. ಮುಂಜಾನೆ ಕೇಳಿದ್ರ ಗೊತ್ತಾಗ್ತಿತ್ತು. ಬ್ಯಾರೆ ಡಿಸ್ಕಿಗೆ ಹಾಕಿದ್ರ ಫೋಟೋ ಉಳೀತಿದ್ವು,” ಅಂದ.

“ಆಕಿನೇ ಏನರ ಒತ್ತಿರಬೇಕು,” ಅಂದೆ ನಾನು.

“ಬಾಯಿ ಮುಚ್ಚೋ ಸುಂಕಣ್ಣ. ಆಕಿ ಏನೂ ಮಾಡಿಲ್ಲ. ತಪ್ಪು ನಂದು.”

ಗಲ್ಲಿಯವರ ಮುಂದೆ ಹಾಗೆಂದ. ತಪ್ಪು ಯಾರದೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಕುಕ್ಕರಿನ ಮುಚ್ಚಳ ಉಜ್ಜುತ್ತಾ ಕೂತೆ.

ಖಾದರಸಾಬ್ ದೊಡ್ಡ ಅಂಗಡಿಗಳಿಗೆಲ್ಲ ಡಿಸ್ಕು ಒಯ್ದು ತೋರಿಸಿದ. ಎಲ್ಲರೂ ಆಗುವುದಿಲ್ಲ ಎಂದು ತಲೆಯಾಡಿಸಿದರು. ಆಮೇಲೆ ತಾನೇ ಸಿರುಗುಪ್ಪಕ್ಕೆ ಹೋಗಿ, ಅನಿತಾಳ ಜೊತೆ ಮದುವೆಯಾದವರ ಮನೆಮನೆಗೆ ತಿರುಗಿದ. ಸಿರಿಗೇರಿಯಲ್ಲಿ ಪಕ್ಕೀರಮ್ಮ ಎಂಬ ಹೆಂಗಸು ಬಾಗಿಲಲ್ಲೇ ಹಿಡಿದಳಂತೆ.

“ಏನ್ ಸಾಬಣ್ಣ, ನನ್ನ ಮಗನ ಮದಿವಿ ನುಂಗಿ ಬಂದೀಯಂತ! ಈಗೇನು ಇನ್ನೊಂದ್ಸಲ ತಾಳಿ ಕಟ್ಟಿಸ್ಲಾ?”

“ಬ್ಯಾಡ ತಾಯಿ, ಆ ಮಾತು ಬ್ಯಾಡ. ಹುಡುಗ ಹುಡುಗಿ ಉಟ್ಟು ನಿಂದ್ರಲಿ, ಈ ತಂಗಿ ತಗೀತಾಳ. ಬೈಯೋದಿದ್ರ ನನ್ನ ಬೈರಿ.”

“ಸೊಸಿ ಬಸರಿ ಅದಾಳ. ಮದಿವಿ ಫೋಟೋದಾಗ ಹೊಟ್ಟಿ ಕಂಡ್ರ ಮಂದಿ ಏನಂದಾರು?”

“ಹಾರ ದಪ್ಪಂದು ಹಾಕಿದ್ರಾತು ತಾಯಿ.”

ಪಕ್ಕೀರಮ್ಮ ನಗು ತಡೆಯಲಾರದೆ ಒಳಗೆ ಕರೆದಳಂತೆ. ಹಲಗೆಯಾಚೆಯಿಂದ ಖಾದರಸಾಬ್ ಇದನ್ನು ಹೇಳುವಾಗ ನಾನೂ ನಕ್ಕೆ, ಅವನು ನಗಲಿಲ್ಲ. ಎಲ್ಲರೂ ಪಕ್ಕೀರಮ್ಮ ಅಲ್ಲ. ಕೆಲವರು ಅನಿತಾಳ ಮುಖಕ್ಕೇ ಬಾಗಿಲು ಹಾಕಿದರು. ಮುಂದಿನ ಮದುವೆಗಳಿಗೆ ಅವಳನ್ನು ಕರೆಯುವವರು ಕಡಿಮೆಯಾದರು. ಕರೆದ ಕಡೆಯೆಲ್ಲ ಈ ಮನುಷ್ಯ ಅಂಗಡಿ ಮುಚ್ಚಿ ಹೋಗಿ, ಅವಳ ಹಿಂದೆ ಫೋಟೋ ಲೈಟಿನ ಕಂಬ ಹಿಡಿದು ನಿಂತ. ಆ ವರ್ಷ ಕಳೆದ ಮೇಲೆ ಕಂಪ್ಯೂಟರ್ ಮುಟ್ಟಲಿಲ್ಲ. ಕುರುಗೋಡಿಗೆ ಹಿಂತಿರುಗಿ ಫ್ಯಾನು, ಮಿಕ್ಸಿ ರಿಪೇರಿ ಮಾಡುತ್ತಾನೆ. ನನ್ನ ಪಾಲಿನ ತಪ್ಪನ್ನು ಒಂದು ದಿನವೂ ನನ್ನ ಮುಂದೆ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಹೋದ ವರ್ಷ ಗಟ್ಟಿ ಮನಸ್ಸು ಮಾಡಿ ಸಿರುಗುಪ್ಪದ ಬಸ್ಸು ಹತ್ತಿದೆ. ಅನಿತಾಳ ಸ್ಟುಡಿಯೋ ಇನ್ನೂ ಇದೆ, ಸಣ್ಣದು.

“ಫೋಟೋನಾ ಅಣ್ಣಾ?” ಅಂದಳು.

ನನ್ನ ಬಾಯಿಂದ ಬಂದದ್ದು “ಹ್ಞೂಂ”.

ಸ್ಟೂಲಿನ ಮೇಲೆ ಕೂರಿಸಿ ಗದ್ದ ಎತ್ತಿಸಿ, ಕ್ಯಾಮೆರಾದ ಹಿಂದಿನಿಂದ ಕೇಳಿದಳು: “ನೀವು ಖಾದರ್ ಚಾಚಾನ ಬಾಜು ಅಂಗಡಿಯೋರಲ್ಲ? ಅವತ್ತು ಗಲ್ಲಿ ತುಂಬಾ ಕೇಳ್ತಿತ್ತು ನಿಮ್ಮ ದನಿ. ಇವತ್ಯಾಕ ಇಷ್ಟು ಸಣ್ಣಗಾತು?”

ನಾನು ಅಂಗಿಯ ಕಾಲರ್ ಸರಿಮಾಡಿಕೊಂಡೆ. ಅವಳು “ಅಲುಗಬ್ಯಾಡ್ರಿ,” ಎಂದು ಗುಂಡಿ ಒತ್ತಿದಳು.

ಫೋಟೋದ ಲಕೋಟೆ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದೆ. ತಪ್ಪಾತು ತಂಗಿ, ಅನ್ನಬೇಕಿತ್ತು. ಗಲ್ಲಿಯವರೆಲ್ಲರ ಮುಂದೆ ಅವಳಿಗೆ ಸಲ್ಲಬೇಕಾದ ಮಾತು ಅದು, ನಾವಿಬ್ಬರೇ ಇದ್ದ ಆ ಸ್ಟುಡಿಯೋ ಕೋಣೆಯಲ್ಲಿ ಕೂಡ ನನ್ನಿಂದ ಸಲ್ಲಲಿಲ್ಲ.