ಲೀಡರ್ ಕೈಯ ಚಾಕ್‌ಪೀಸ್

ಸಂಜೆ ಶಾಲೆಯಿಂದ ಬಂದ ಮಗಳು ಬ್ಯಾಗನ್ನೂ ಇಳಿಸದೆ, ಚಾಕ್‌ಪೀಸ್ ಪುಡಿ ಮೆತ್ತಿದ ಬೆರಳು ತೋರಿಸಿ, "ಅಮ್ಮಾ, ನಾನೇ ಕ್ಲಾಸ್ ಲೀಡರ್!" ಅಂದಳು. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ ನನಗೆ.

ಹಾರೋಹಳ್ಳಿ ಹತ್ತಿರದ ನಮ್ಮೂರ ಶಾಲೆಯಲ್ಲಿ ನಾನೂ ಲೀಡರ್ ಆಗಿದ್ದೆ. ಮಿಸ್ ಇಲ್ಲದಾಗ ಮಾತಾಡಿದವರ ಹೆಸರನ್ನು ಬೋರ್ಡ್ ಮೇಲೆ ಬರೆಯುವುದು ನನ್ನ ಕೆಲಸ. ಆಗಷ್ಟೇ ಅಪ್ಪ ಫ್ಯಾಕ್ಟರಿಗೆ ಸೇರಿದ್ದರು. ನೀಲಿ ಯೂನಿಫಾರಂ ಮಡಚಿ, ಇಸ್ತ್ರಿಯಾಗಲೆಂದು ಹಾಸಿಗೆಯ ಕೆಳಗಿಟ್ಟು ಮಲಗುತ್ತಿದ್ದರು. ಆ ಕೆಲಸ ಕೊಡಿಸಿದ್ದು ನನ್ನ ಕ್ಲಾಸಿನ ಮಂಜನ ಅಪ್ಪ, ಅಲ್ಲಿನ ಸೂಪರ್‌ವೈಸರ್. "ಆ ಹುಡುಗನ ತಂಟೆಗೆ ಹೋಗ್ಬ್ಯಾಡ ಕಣವ್ವ," ಅಂತ ಅವ್ವ ದಿನಾ ಜಡೆ ಹಾಕುವಾಗ ಹೇಳುತ್ತಿದ್ದಳು. ಹಾಗಾಗಿ ಮಂಜ ಗಲಾಟೆ ಮಾಡಿದಾಗಲೆಲ್ಲ ಅವನ ಹಿಂದೆ ಕೂರುತ್ತಿದ್ದ ರತ್ನಳ ಹೆಸರು ಬರೆಯುತ್ತಿದ್ದೆ.

"ಅನ್ಯಾಯ ಕಂಡ್ರೆ ಎದ್ದು ನಿಂತು ಹೇಳಿ," ಅಂತ ಮಿಸ್ ನಮಗೆ ಕಲಿಸಿದ್ದರು. ಒಂದು ದಿನ ರತ್ನ ಎದ್ದೇಬಿಟ್ಟಳು.

"ಮಿಸ್, ಮಾತಾಡಿದ್ದು ಮಂಜ. ಇವ್ಳು ನನ್ನೆಸ್ರು ಬರ್ದವ್ಳೆ."

"ಹೌದಾ?" ಮಿಸ್ ನನ್ನನ್ನು ಕೇಳಿದರು.

"ಇಲ್ಲ ಮಿಸ್," ಅಂದೆ.

"ನೋಡಿದವರು ಯಾರಾದ್ರೂ ಇದ್ರೆ ಎದ್ದು ನಿಲ್ಲಿ," ಅಂದರು. ಎಲ್ಲರೂ ನೋಡಿದ್ದರು. ಯಾರೂ ಏಳಲಿಲ್ಲ. ಮಿಸ್ ಕೂರು ಅಂದರೂ ರತ್ನ ಕೂರಲಿಲ್ಲ. ಬೆಲ್ ಹೊಡೆಯುವವರೆಗೂ ನನ್ನನ್ನೇ ನೋಡುತ್ತ ನಿಂತಿದ್ದಳು.

ಮಗಳಿಗೆ ಹಾಲು ಕೊಟ್ಟು ಕೇಳಿದೆ: "ಇವತ್ತು ನಿನ್ನ ಫ್ರೆಂಡ್ ಮಾತಾಡಿದ್ಲಾ?"

"ಹ್ಞೂಂ, ತುಂಬಾ!"

"ಅವಳ ಹೆಸರು ಬರೆದ್ಯಾ?"

ಮಗಳು ಮೆಲ್ಲಗೆ ಬೆರಳಿನ ಚಾಕ್‌ಪೀಸ್ ಪುಡಿಯನ್ನು ಲಂಗಕ್ಕೆ ಒರೆಸಿಕೊಳ್ಳತೊಡಗಿದಳು.