ಎರಡನೇ ಖಾನೆ

ಮರುಳಸಿದ್ದಯ್ಯನವರು ಕಂಪ್ಯೂಟರ್ ಇರುವ ಕೋಣೆಗೆ ಬರುವಾಗ ಚಪ್ಪಲಿಯನ್ನು ಹೊರಗೆ ಬಿಟ್ಟು ಬರುತ್ತಿದ್ದರು. ಒಳಗೆ ನಾವೆಲ್ಲ ಚಪ್ಪಲಿ ಹಾಕಿಕೊಂಡೇ ಕೂತು, ಕೀಬೋರ್ಡಿನ ಮೇಲೆ ಕಡ್ಲೆಪುರಿ ಉದುರಿಸಿಕೊಂಡು ಕೆಲಸ ಮಾಡುತ್ತಿದ್ದೆವು. ಅವರು ಮಾತ್ರ ಬರಿಗಾಲಲ್ಲಿ ಬಂದು, ಹಣೆಯ ಮೂರು ಪಟ್ಟೆ ವಿಭೂತಿ ಬೆವರಿಗೆ ಕಲಸದಂತೆ ಕರ್ಚೀಫಿನಲ್ಲಿ ಒತ್ತಿಕೊಂಡು, ಒಂದೇ ಬೆರಳಿನಲ್ಲಿ ನಂಬರು ಒತ್ತುತ್ತಿದ್ದರು. ಒತ್ತುವಾಗ ಗಟ್ಟಿಯಾಗಿ ಹೇಳಿಕೊಳ್ಳಲೇಬೇಕು: ‘ಎಂಟು ಚುಕ್ಕಿ ಎಂಟು ಚುಕ್ಕಿ ಎಂಟು ಚುಕ್ಕಿ ಎಂಟು.’ ಹೊಸದಾಗಿ ಕೆಲಸಕ್ಕೆ ಸೇರಿದವರು ಅದನ್ನು ಮಂತ್ರವೆಂದೇ ತಿಳಿಯುತ್ತಿದ್ದರು. ನಾವು ಅವರಿಗೆ ಎಂಟೆಂಟಯ್ಯ ಎಂದು ಹೆಸರಿಟ್ಟಿದ್ದೆವು. ನಾವು ಅಂದರೆ, ನಾನೇ.

ನಮ್ಮದು ಖಾಸಗಿ ವಿದ್ಯಾಸಂಸ್ಥೆ. ಗುಬ್ಬಿಯಲ್ಲಿ ಹೈಸ್ಕೂಲು, ಕುಣಿಗಲ್ಲಿನಲ್ಲಿ ಕಾಲೇಜು, ಇವೆರಡಕ್ಕೂ ಬುದ್ಧಿ ಹೇಳಲು ತುಮಕೂರಿನಲ್ಲಿ ಹೆಡ್ ಆಫೀಸು. ನಾನು ಗುಬ್ಬಿಯ ಗುಮಾಸ್ತೆ, ಗಿರಿಜ. ಮೂರೂ ಕಡೆಯ ಕಂಪ್ಯೂಟರುಗಳ ಯೋಗಕ್ಷೇಮ ಮರುಳಯ್ಯನವರದು. ವರ್ಷಕ್ಕೊಮ್ಮೆ ಹೊಸದಾಗುವ ಗುತ್ತಿಗೆಯ ಕೆಲಸ. ಸಂಸ್ಥೆ ಅವರಿಗೆ ಹನ್ನೊಂದು ವರ್ಷ ‘ಮುಂದಿನ ವರ್ಷ ಪರ್ಮನೆಂಟ್ ಮಾಡೋಣ’ ಎಂದು ಹೇಳಿತ್ತು. ಸಂಸ್ಥೆ ಇಷ್ಟು ತಪ್ಪದೆ ನಡೆಸಿಕೊಂಡು ಬಂದ ಇನ್ನೊಂದು ಕಾರ್ಯಕ್ರಮ ನನಗೆ ಗೊತ್ತಿಲ್ಲ.

ಅವರ ಊರು ಕುಣಿಗಲ್ ಕಡೆಯ ಕೊತ್ತಗೆರೆ. ವಾರಕ್ಕೆ ಎರಡು ದಿನ ಗುಬ್ಬಿಗೆ ಬರುತ್ತಿದ್ದರು. ಬಂದವರು ಏಳೂ ಕಂಪ್ಯೂಟರಿನ ಮುಂದೆ ಕೂತು ನೋಡುತ್ತಿದ್ದದ್ದು ನೆಟ್ ಸೆಟ್ಟಿಂಗಿನ ಒಂದೇ ಜಾಗವನ್ನು. ಅಲ್ಲಿ ಒಂದರ ಕೆಳಗೊಂದು ಎರಡು ಖಾಲಿ ಖಾನೆಗಳಿರುತ್ತವೆ. ಡಿಎನ್ಎಸ್ ಖಾನೆ ಎನ್ನುತ್ತಾರೆ. ಮೊದಲನೆಯದರಲ್ಲಿ ತುಮಕೂರಿನ ಹೆಡ್ ಆಫೀಸಿನ ಸರ್ವರ್ ನಂಬರು, ಎರಡನೆಯದರಲ್ಲಿ ಲೋಕಕ್ಕೆಲ್ಲ ದಾರಿ ಹೇಳುವ ಆ ನಾಲ್ಕು ಎಂಟುಗಳು. ಎರಡೂ ತುಂಬಿರಬೇಕು. ಅದನ್ನು ಅವರು ನಮ್ಮ ಆರೋಗ್ಯ ವಿಚಾರಿಸುವುದಕ್ಕಿಂತ ಮೊದಲು ವಿಚಾರಿಸುತ್ತಿದ್ದರು. ನನ್ನ ಮಗಳಿಗೆ ಡೆಂಗಿ ಆಗಿ ನಾನು ಹತ್ತು ದಿನ ರಜೆ ಹಾಕಿ ಬಂದಾಗ ಅವರು ಕೇಳಿದ ಮೊದಲ ಮಾತು, ಎರಡನೇ ಖಾನೆಯನ್ನು ಯಾರೂ ಮುಟ್ಟಿಲ್ಲ ತಾನೇ ಎಂದು. ಮಗಳು ಹೇಗಿದ್ದಾಳೆ ಎಂದು ಆಮೇಲೆ ಕೇಳಿದರು. ಕೇಳಿದರು ಎಂಬುದನ್ನೂ ಹೇಳಬೇಕು, ಯಾಕೆಂದರೆ ಉಳಿದವರು ಕೇಳಿರಲಿಲ್ಲ.

ಈ ಖಾನೆಗಳ ಮಹಿಮೆ ಏನು ಎಂದು ಒಮ್ಮೆ ಬಾಯಿತಪ್ಪಿ ಕೇಳಿಬಿಟ್ಟಿದ್ದೆ. ಅವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

‘ಮಿಷಿನ್ನಿಗೆ ಹೆಸರು ಗೊತ್ತಿಲ್ಲ ಮೇಡಂ, ನಂಬರ್ ಒಂದೇ ಗೊತ್ತಿರೋದು. ನೀವು ಗೂಳೂರಿಗೆ ಹೋಗಿ ಟೈಲರ್ ಮನೆ ಹುಡುಕ್ತಿದ್ದೀರಿ ಅನ್ಕಳಿ. ಮೂಲೆ ಅಂಗ್ಡಿಯವನ್ನ ಕೇಳ್ತೀರಿ, ಅವ್ನು ಇಂತಾ ಬೀದಿ, ಇಷ್ಟನೇ ಮನೆ ಅಂತಾನೆ. ಅವತ್ತು ಅಂಗ್ಡಿ ಬಾಗ್ಲು ಹಾಕಿದ್ರೆ? ಟೈಲರ್ ಸತ್ತೋದ ಅಂತ ವಾಪಸ್ ಬಂದ್ಬುಡ್ತೀರಾ? ಪಕ್ಕದ ಮಿಲ್ಲಿನವನ್ನ ಕೇಳ್ತೀರಿ. ಆ ಮಿಲ್ಲಿನವನೇ ಎರಡನೇ ಖಾನೆ.’

ಇಷ್ಟು ಸರಳವಾದ ಸಂಗತಿಗೆ ಒಬ್ಬ ಮನುಷ್ಯ ಇಷ್ಟು ಗಂಭೀರವಾಗಿರಬೇಕೇ ಎಂದು ನನಗೆ ನಗು ತಡೆಯಲಿಲ್ಲ. ಅವರಿಗೆ ಬೇಸರವಾಗಲಿಲ್ಲ. ಬೇಸರ ಮಾಡಿಕೊಳ್ಳಲು ಬಿಡುವು ಇರಬೇಕಲ್ಲ. ಆಗಲೇ ಮುಂದಿನ ಕಂಪ್ಯೂಟರಿಗೆ ಹೋಗಿದ್ದರು.

ಇನ್ನೊಂದು ಅಭ್ಯಾಸವಿತ್ತು. ಖಾನೆ ತುಂಬಿದ ಮೇಲೆ ಒಂದು ಚೀಟಿಯಲ್ಲಿ ಎರಡೂ ನಂಬರು ಬರೆದು ಮಾನಿಟರಿನ ಬೆನ್ನಿಗೆ ಅಂಟಿಸುತ್ತಿದ್ದರು. ಕೆಳಗೆ ‘ತುಂಬಿದವರು: ಮರುಳಸಿದ್ದಯ್ಯ’ ಎಂದು ಸಹಿ. ಎಂಟರ ಹೊಟ್ಟೆ, ತಲೆ ಎರಡೂ ದುಂಡಗೆ, ಕಾಪಿ ಪುಸ್ತಕದಲ್ಲಿ ತಿದ್ದಿದ ಹಾಗೆ. ಇಷ್ಟಕ್ಕೂ ಸಹಿ ಯಾಕೆ, ಇದೇನು ಆಸ್ತಿ ಪತ್ರವೇ ಎಂದು ನಾನು ಕೆಣಕಿದ್ದೆ. ಮಾಡಿದವನು ಯಾರು ಅಂತ ಗೊತ್ತಿದ್ದರೆ ಕೆಟ್ಟಾಗ ಯಾರನ್ನು ಕರೆಯಬೇಕು ಅಂತಲೂ ಗೊತ್ತಿರುತ್ತೆ ಎಂದರು. ನಮ್ಮ ಸಂಸ್ಥೆಯಲ್ಲಿ ತನ್ನ ಕೆಲಸಕ್ಕೆ ಕೇಳದೆಯೇ ಸಹಿ ಹಾಕುತ್ತಿದ್ದವರು ಅವರೊಬ್ಬರೇ.

ಹೀಗಿರಲು ಹೆಡ್ ಆಫೀಸಿಗೆ ಒಬ್ಬ ಐಟಿ ಮ್ಯಾನೇಜರು ಬಂದರು. ಕೊರಳಲ್ಲಿ ಗುರುತಿನ ಚೀಟಿ, ಬಾಯಲ್ಲಿ ‘ಸೆಕ್ಯುರಿಟಿ’. ಮೊದಲ ವಾರವೇ ಪೆನ್‌ಡ್ರೈವ್ ಚುಚ್ಚುವ ತೂತುಗಳನ್ನೆಲ್ಲ ಬಂದ್ ಮಾಡಿಸಿದರು. ಎರಡನೇ ವಾರ ಸುತ್ತೋಲೆ ಬಂತು: ಇನ್ನು ಮುಂದೆ ಎಲ್ಲ ಕಂಪ್ಯೂಟರುಗಳೂ ಹೆಡ್ ಆಫೀಸಿನ ಸರ್ವರನ್ನು ಮಾತ್ರ ಕೇಳತಕ್ಕದ್ದು, ಎರಡನೇ ಖಾನೆಯನ್ನು ಖಾಲಿ ಮಾಡತಕ್ಕದ್ದು. ಯಾರು ಯಾವ ವೆಬ್‌ಸೈಟ್ ನೋಡುತ್ತಾರೆ ಎಂಬುದು ಆಗ ಒಂದೇ ಕಡೆ ಗೊತ್ತಾಗುತ್ತದಂತೆ.

ಮರುಳಯ್ಯ ಸುತ್ತೋಲೆಯನ್ನು ಎರಡು ಸಲ ಓದಿದರು. ಹೆಡ್ ಆಫೀಸಿನ ಸರ್ವರ್ ಒಂದು ದಿನ ಮಲಗಿದರೆ ಮೂರು ಊರೂ ಮಲಗುತ್ತವೆ, ನಾನು ಮ್ಯಾನೇಜರ ಹತ್ತಿರ ಮಾತಾಡುತ್ತೇನೆ, ಅಲ್ಲಿಯವರೆಗೆ ಮುಟ್ಟಬೇಡಿ ಎಂದು ನನಗೆ ಹೇಳಿ ಕುಣಿಗಲ್ಲಿಗೆ ಹೋದರು. ನನಗೆ ಸಿಟ್ಟು ಬಂದದ್ದು ಅದಕ್ಕೇ. ಮುಟ್ಟಬೇಡಿ ಎಂದರೆ ಏನು? ಹನ್ನೊಂದು ವರ್ಷ ನೋಡಿ ನೋಡಿ ನನಗೂ ಆ ಖಾನೆ ಎಲ್ಲಿದೆ ಎಂದು ಗೊತ್ತು. ಅರ್ಧ ಗಂಟೆಯಲ್ಲಿ ಏಳೂ ಕಂಪ್ಯೂಟರಿನ ಎರಡನೇ ಖಾನೆ ಅಳಿಸಿ, ಚೀಟಿಗಳನ್ನೂ ಕಿತ್ತು, ‘ಸುತ್ತೋಲೆ ಪಾಲಿಸಲಾಗಿದೆ’ ಎಂದು ಫೋನು ಮಾಡಿ ತಿಳಿಸಿದೆ. ಮ್ಯಾನೇಜರು ‘ಗುಡ್’ ಎಂದರು. ಆ ಒಂದು ‘ಗುಡ್’ಗೆ ನಾನು ಎಷ್ಟು ಹಿಗ್ಗಿದೆ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಎರಡೇ ದಿನದಲ್ಲಿ, ಮರುಳಯ್ಯ ಮತ್ತೆ ಗುಬ್ಬಿಗೆ ಬರುವ ಮೊದಲೇ, ಆಯುಧಪೂಜೆಯ ಹಿಂದಿನ ದಿನ ಬಂತು. ಮಾರನೆಯ ದಿನದಿಂದ ರಜೆ, ಹಾಗಾಗಿ ಆಫೀಸುಗಳ ಪೂಜೆಯೆಲ್ಲ ಅಂದೇ. ನಮಗೆ ಅಂದೇ ಇನ್ನೊಂದು ಕೆಲಸವೂ ಇತ್ತು. ಹತ್ತನೇ ತರಗತಿಯ ನಲವತ್ತೊಂದು ಮಕ್ಕಳ ಪರೀಕ್ಷಾ ನೋಂದಣಿ ಅಂದು ಸಂಜೆ ಐದು ಗಂಟೆಯೊಳಗೆ ವೆಬ್‌ಸೈಟಿಗೆ ಹೋಗಬೇಕು. ತಪ್ಪಿದರೆ ಆ ಮಕ್ಕಳು ಆ ವರ್ಷ ಪರೀಕ್ಷೆಗೆ ಕೂರುವುದೇ ಅನುಮಾನ. ಪಟ್ಟಿಯೆಲ್ಲ ಸಿದ್ಧವಿತ್ತು. ಊಟ ಮುಗಿಸಿ ಕೂತೆ. ಒಂದೂ ವೆಬ್‌ಸೈಟು ತೆರೆಯಲಿಲ್ಲ. ಏಳು ಕಂಪ್ಯೂಟರಿನಲ್ಲೂ ಇಂಟರ್ನೆಟ್ ಇದೆ ಎಂದು ಹಸಿರು ದೀಪ ಮಿನುಗುತ್ತಿದೆ, ಯಾವ ಹೆಸರು ಹೊಡೆದರೂ ‘ಸಿಗುತ್ತಿಲ್ಲ’ ಎಂಬ ಉತ್ತರ.

ಹೆಡ್ ಆಫೀಸಿಗೆ ಫೋನು ಮಾಡಿದರೆ ಎತ್ತುವವರಿಲ್ಲ. ಆಮೇಲೆ ತಿಳಿದ ಕಥೆ ಇದು: ಅಲ್ಲಿ ಬೆಳಿಗ್ಗೆಯೇ ಪೂಜೆ. ಸರ್ವರನ್ನು ಆಫ್ ಮಾಡಿ, ಒರೆಸಿ, ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದ್ದರು. ಸಂಸ್ಥೆಯ ಕಾರ್ಯದರ್ಶಿಗಳೇ ಖುದ್ದಾಗಿ ಬೂದುಗುಂಬಳಕಾಯಿ ಒಡೆದಿದ್ದರು. ಪೂಜೆಗೆ ಕೂತ ಆಯುಧವನ್ನು ಅಂದು ಮತ್ತೆ ಕೆಲಸಕ್ಕೆ ಎಬ್ಬಿಸಬಾರದಲ್ಲ. ಹಾಗಾಗಿ ಮೂರು ಊರಿಗೆ ದಾರಿ ಹೇಳಬೇಕಾದ ಯಂತ್ರವನ್ನು ಹಾರದ ಕೆಳಗೆ ಮಲಗಿಸಿ, ಕೋಣೆಗೆ ಬೀಗ ಹಾಕಿ, ಕಡ್ಲೆಪುರಿ ಹಂಚಿಕೊಂಡು ಎಲ್ಲರೂ ಮನೆಗೆ ಹೋಗಿದ್ದರು. ಸೆಕ್ಯುರಿಟಿ ಎಂದರೆ ಹೀಗಿರಬೇಕು.

ಆಗ ನನಗೆ ಇದೊಂದೂ ಗೊತ್ತಿರಲಿಲ್ಲ. ಪಟ್ಟಿಯನ್ನು ಹೊರಗೆ ಒಯ್ಯೋಣವೆಂದರೆ ಪೆನ್‌ಡ್ರೈವಿನ ತೂತು ಬಂದ್. ಕೊನೆಗೆ ಕುಣಿಗಲ್ಲಿಗೆ, ಮರುಳಯ್ಯನವರಿಗೆ ಫೋನು ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

‘ಎರಡನೇ ಖಾನೇಲಿ ನಂಬರ್ ಐತಾ ಮೇಡಂ?’

‘ಇದೆ’ ಎಂದೆ.

ಯಾಕೆ ಹಾಗೆ ಹೇಳಿದೆ? ಇದಕ್ಕೂ ಆ ಖಾನೆಗೂ ಸಂಬಂಧ ಇರಲಾರದು ಎಂದುಕೊಂಡೆ. ಇಲ್ಲ ಎಂದರೆ ಮಿಲ್ಲಿನವನ ಕಥೆ ಮತ್ತೆ ಕೇಳಬೇಕಾಗುತ್ತದೆ ಎಂದೂ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಎಂಟೆಂಟಯ್ಯನ ಮುಂದೆ ಸೋಲಲು ಮನಸ್ಸಾಗಲಿಲ್ಲ, ಅಷ್ಟೇ.

ಅದು ತುಂಬಿದ್ದೂ ನೆಟ್ ಬರುತ್ತಿಲ್ಲ ಎಂದರೆ ಬೇರೇನೋ ಕೆಟ್ಟಿರಬೇಕು, ನಾನೇ ಬಂದೆ ಎಂದರು. ಕುಣಿಗಲ್ಲಿನಿಂದ ತುಮಕೂರಿಗೆ ಒಂದು ಬಸ್ಸು, ಅಲ್ಲಿಂದ ಗುಬ್ಬಿಗೆ ಇನ್ನೊಂದು. ಹಬ್ಬದ ರಷ್ಷು. ನಿಂತುಕೊಂಡೇ ಬಂದರಂತೆ. ನಾಲ್ಕೂ ಇಪ್ಪತ್ತಕ್ಕೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು ಕೇಳಿಸಿತು. ಆ ಸದ್ದು ಕೇಳಿ ನನಗೆ ಅಷ್ಟು ನೆಮ್ಮದಿಯಾದದ್ದು ಅದೇ ಮೊದಲು.

ಕೂತರು, ಆ ಜಾಗ ತೆರೆದರು. ಮೊದಲ ಖಾನೆಯಲ್ಲಿ ನಂಬರು, ಎರಡನೆಯದು ಬೋಳು. ಒಂದು ಕ್ಷಣ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ‘ಖಾಲಿ ಐತೆ’ ಎಂದಷ್ಟೇ ಹೇಳಿ, ಎಂಟು ಚುಕ್ಕಿ ಎಂಟು ಚುಕ್ಕಿ ಎಂದು ಶುರು ಮಾಡಿದರು. ವೆಬ್‌ಸೈಟು ತೆರೆದುಕೊಂಡಿತು. ನಲವತ್ತೊಂದನೇ ಹೆಸರು ಸೇರಿದಾಗ ಐದಕ್ಕೆ ಹನ್ನೊಂದು ನಿಮಿಷ ಇತ್ತು. ಅಷ್ಟರಲ್ಲಿ ಅವರು ಉಳಿದ ಆರು ಕಂಪ್ಯೂಟರಿಗೂ ತುಂಬಿ, ಏಳು ಚೀಟಿ ಬರೆದು, ಏಳಕ್ಕೂ ಸಹಿ ಹಾಕಿ ಅಂಟಿಸಿದ್ದರು. ನಮ್ಮ ಪೂಜೆಯಲ್ಲಿ ನಾನೇ ಅವರಿಗೆ ಎರಡು ಪಾಲು ಕಡ್ಲೆಪುರಿ ಕೊಟ್ಟೆ. ನನ್ನ ಪ್ರಾಯಶ್ಚಿತ್ತ ಅಷ್ಟು ಅಗ್ಗದಲ್ಲಿ ಮುಗಿಯಿತು ಎಂದುಕೊಂಡಿದ್ದೆ.

ಹಬ್ಬದ ನಂತರ ವಿಚಾರಣೆ ಬಂತು. ಗುಬ್ಬಿಯ ಆಫೀಸು ಅರ್ಧ ದಿನ ನಿಂತದ್ದು ಹೇಗೆ? ಕಾರ್ಯದರ್ಶಿಗಳು ಒಡೆದ ಕುಂಬಳಕಾಯಿಯಿಂದ ಎಂದು ಬರೆಯುವ ಧೈರ್ಯ ಯಾವ ಮ್ಯಾನೇಜರಿಗೆ ಇರುತ್ತದೆ? ಅವರು ಗುಬ್ಬಿಗೆ ಬಂದು ಮಾನಿಟರುಗಳ ಬೆನ್ನು ನೋಡಿದರು. ಸುತ್ತೋಲೆ ಉಲ್ಲಂಘಿಸಿ ಎರಡನೇ ಖಾನೆ ತುಂಬಲಾಗಿದೆ, ತುಂಬಿದವನ ಸಹಿಯೂ ಇದೆ, ಕೆಟ್ಟದ್ದು ಅದರಿಂದಲೇ ಎಂದು ಬರೆದರಾಯಿತು. ಕಳ್ಳ ತನ್ನ ಹೆಸರು ಬರೆದು ಅಂಟಿಸಿ ಹೋದ ಇಂಥ ಪ್ರಕರಣ ಅವರಿಗೆ ಇನ್ನೆಲ್ಲಿ ಸಿಗಬೇಕು!

ನನಗೊಂದು ಫಾರಂ ಕೊಟ್ಟರು. ಅದರಲ್ಲಿಯೂ ಎರಡೇ ಖಾನೆ. ‘ಬದಲಾವಣೆ ಮಾಡಿದವರು ಯಾರು?’ ಎಂಬುದು ಮೊದಲನೆಯದು. ‘ಯಾವ ಕಾರಣಕ್ಕೆ?’ ಎಂಬುದು ಎರಡನೆಯದು. ಮೊದಲನೆಯದರಲ್ಲಿ ‘ಮರುಳಸಿದ್ದಯ್ಯ’ ಎಂದು ಬರೆದೆ. ಸುಳ್ಳಲ್ಲ. ಎರಡನೆಯದನ್ನು ಬರೆಯಲು ಹೊರಟರೆ ನಾನು ಅಳಿಸಿದ್ದು, ‘ಇದೆ’ ಎಂದದ್ದು ಎಲ್ಲವೂ ಬರಬೇಕು. ಅದನ್ನು ಹಾಗೆಯೇ ಖಾಲಿ ಬಿಟ್ಟು ಸಹಿ ಹಾಕಿ ಕೊಟ್ಟೆ. ನನಗೆ ಬೇರೆ ಯಾವುದೂ ತಿಳಿಯದು ಎಂಬ ಮುಖ ಮಾಡಿಕೊಂಡಿದ್ದೆ. ಅದೊಂದು ನನಗೆ ಚೆನ್ನಾಗಿ ಬರುತ್ತದೆ.

ಆ ವರ್ಷ ಅವರ ಗುತ್ತಿಗೆ ಹೊಸದಾಗಲಿಲ್ಲ. ಅವರು ನನ್ನ ಬಗ್ಗೆ ಯಾರ ಬಳಿಯೂ ಒಂದು ಮಾತು ಆಡಲಿಲ್ಲ. ಟೂಲ್ಸಿನ ಬ್ಯಾಗನ್ನು ಗುಬ್ಬಿಯ ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ನನ್ನ ಕೈಗೇ ಕೊಟ್ಟು, ಬರ್ತೀನಿ ಮೇಡಂ ಎಂದು ಹೋದರು. ಮ್ಯಾನೇಜರು ಬಂದು ಎರಡನೇ ಖಾನೆಗಳನ್ನು ಮತ್ತೆ ಖಾಲಿ ಮಾಡಿಸಿದರು.

ನಾಲ್ಕು ತಿಂಗಳು ಕಳೆಯಿತು. ನೋಂದಣಿಯಾಗಿದ್ದ ಮಕ್ಕಳೆಲ್ಲ ಹಾಲ್ ಟಿಕೆಟ್ ತೆಗೆದುಕೊಂಡು ಹೋಗಲು ನನ್ನ ಮೇಜಿನ ಮುಂದೆ ಸಾಲು ನಿಂತರು. ಒಬ್ಬೊಬ್ಬರೂ ‘ಥ್ಯಾಂಕ್ಸ್ ಮಿಸ್’ ಎನ್ನುತ್ತಿದ್ದರು, ನನಗೆ! ನಲವತ್ತೊಂದು ಸಲ ಅದನ್ನು ಕೇಳಿಸಿಕೊಂಡ ಮೇಲೆ ಆ ರಾತ್ರಿ ಪೆನ್ನು ಹಿಡಿದು ಕೂತೆ. ಫಾರಮ್ಮಿನ ಎರಡನೇ ಖಾನೆಗೆ ಬರೆಯಬೇಕಾಗಿದ್ದನ್ನು ಎರಡು ಪುಟ ಬರೆದು, ಭಾನುವಾರ ಕೊತ್ತಗೆರೆಗೆ ಹೋದೆ.

ಅವರು ಬಸ್ ನಿಲ್ದಾಣದ ಪಕ್ಕ ಒಂದು ಸಣ್ಣ ಜೆರಾಕ್ಸ್ ಅಂಗಡಿ ಇಟ್ಟಿದ್ದರು. ಬಾಗಿಲಲ್ಲಿ ಅವರ ಚಪ್ಪಲಿ, ಒಳಗೆ ಒಂದೇ ಕಂಪ್ಯೂಟರು. ನನಗೆ ಸ್ಟೂಲು ಕೊಟ್ಟು, ಮಗಳು ಹೇಗಿದ್ದಾಳೆ ಎಂದು ಕೇಳಿದರು. ಈ ಸಲ ಮೊದಲು ಅದನ್ನೇ ಕೇಳಿದರು. ನಾನು ಪತ್ರ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡೂ ಪುಟ ನಿಧಾನವಾಗಿ ಓದಿದರು.

‘ಇದ್ನ ಹೆಡ್ ಆಫೀಸಿಗೆ ಕೊಟ್ರಾ?’

‘ಇಲ್ಲ. ಮೊದಲು ನಿಮಗೆ ತೋರಿಸೋಣ ಅಂತ.’

‘ನಂಗೆ ಯಾಕೆ ಮೇಡಂ? ನಂಗೆ ಅವತ್ತೇ ಗೊತ್ತಿತ್ತು. ಗೊತ್ತಿಲ್ದೋರಿಗೆ ತೋರ್ಸಿ.’

ಸಿಟ್ಟಿನಿಂದ ಹೇಳಲಿಲ್ಲ. ಪತ್ರವನ್ನು ಮಡಿಸಿದ ಗೆರೆಯಲ್ಲೇ ಮಡಿಸಿ ವಾಪಸ್ ಕೊಟ್ಟು, ಟೀ ತರಿಸಿದರು. ನಾವು ಟೀ ಕುಡಿದೆವು. ಬೈದಿದ್ದರೆ ಸುಲಭವಾಗುತ್ತಿತ್ತು.

ಸೋಮವಾರ ತುಮಕೂರಿಗೆ ಹೋಗಿ ಪತ್ರವನ್ನು ಕಾರ್ಯದರ್ಶಿಗಳ ಕೈಗೇ ಕೊಟ್ಟೆ. ಅವರು ಎರಡು ಸಾಲು ಓದಿ, ಆ ಫೈಲು ಮುಗಿದಿದೆಯಲ್ಲಮ್ಮ, ಹಳೆಯದನ್ನೆಲ್ಲ ಯಾಕೆ ಕೆದಕುತ್ತೀ, ನಿನ್ನ ಕೆಲಸಕ್ಕೇ ತೊಂದರೆ ಎಂದು ನನ್ನ ಮೇಲೆ ಬಹಳ ಕರುಣೆ ತೋರಿಸಿದರು. ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಹೊರಗೆ ಬಂದೆ. ಮರುಳಯ್ಯನವರನ್ನು ವಾಪಸ್ ಕರೆಯಲಿಲ್ಲ. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲ. ಕೆಟ್ಟರೆ ಮ್ಯಾನೇಜರಿಗೆ ಮೇಲ್ ಕಳಿಸಬೇಕು. ನೆಟ್ ಕೆಟ್ಟಾಗ ಮೇಲ್ ಹೇಗೆ ಕಳಿಸಬೇಕು ಎಂಬುದಕ್ಕೆ ಇನ್ನೂ ಸುತ್ತೋಲೆ ಬಂದಿಲ್ಲ.

ಮಂಗಳವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗುಬ್ಬಿ ಆಫೀಸಿಗೆ ಹೋದೆ. ಚಪ್ಪಲಿ ಹೊರಗೆ ಬಿಟ್ಟೆ. ಎಂಟು ಚುಕ್ಕಿ ಎಂಟು ಚುಕ್ಕಿ ಎಂದು ಗಟ್ಟಿಯಾಗಿಯೇ ಹೇಳಿಕೊಂಡು ಏಳೂ ಕಂಪ್ಯೂಟರಿನ ಎರಡನೇ ಖಾನೆ ತುಂಬಿದೆ. ಏಳು ಚೀಟಿ ಬರೆದೆ. ನನ್ನ ಎಂಟುಗಳು ಅವರ ಎಂಟಿನಷ್ಟು ದುಂಡಗೆ ಬರಲಿಲ್ಲ. ಪ್ರತಿಯೊಂದರ ಕೆಳಗೂ ‘ತುಂಬಿದವರು’ ಎಂದು ಬರೆದು, ಮುಂದೆ ನನ್ನ ಹೆಸರು ಬರೆದು ಅಂಟಿಸಿದೆ.