ಗಿರಿಜಳ ಎಡಗಿವಿ

ಮನುಷ್ಯ ಬದಲಾಗುತ್ತಾನೆ ಎಂಬುದನ್ನು ನಾನು ಎಂದೂ ನಂಬಿದವಳಲ್ಲ. ದೆವ್ವ, ಪವಾಡ, ಮೈಮೇಲೆ ಬರುವುದು, ಇವುಗಳ ಸುದ್ದಿಯಂತೂ ಬೇಡವೇ ಬೇಡ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ತಲೆ ನರೆಸಿಕೊಂಡವಳು ನಾನು. ಬೋರ್‌ವೆಲ್ ಕೊರೆಸುವ ಮುಂಚೆ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೀರು ಹುಡುಕುತ್ತಿದ್ದವನನ್ನು ಶಾಲೆಯ ಮೈದಾನದಿಂದ ಓಡಿಸಿ ಹೆಡ್‌ಮಾಸ್ಟರ ಕೆಂಗಣ್ಣಿಗೆ ಗುರಿಯಾದವಳು. ಹಿರಿಯರು ಹೇಳಿದ ಮಾತುಗಳಲ್ಲಿ ನನಗೆ ಪೂರ್ತಿ ಒಪ್ಪಿಗೆಯಾಗಿದ್ದು ಒಂದೇ: ಹುಟ್ಟುಗುಣ ಸುಟ್ಟರೂ ಹೋಗದು. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ನನ್ನ ಹಟವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ.

ಗಿರಿಜ ನನ್ನ ತಂಗಿ. ಅವಳನ್ನು ಲಗ್ಗೆರೆಯ ನಂಜುಂಡನಿಗೆ ಕೊಟ್ಟಿದ್ದೆವು. ಪೀಣ್ಯದ ಕಡೆ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದ. ನಮ್ಮ ಚಿತ್ರದುರ್ಗದ ಕಡೆಯವನೇ, ಲಿಂಗ ಕಟ್ಟಿಕೊಂಡವನೇ ಎಂದು ಅಮ್ಮ ಹಿಗ್ಗಿದ್ದೇ ಹಿಗ್ಗಿದ್ದು. ಅವನು ಕುಡಿದರೂ ಹೊಡೆಯುತ್ತಿದ್ದ, ಕುಡಿಯದಿದ್ದರೂ ಹೊಡೆಯುತ್ತಿದ್ದ. ಕುಡಿಯದ ದಿನ ಗುರಿ ತಪ್ಪುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ನನ್ನನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, "ಬನ್ನಿ ಮೇಡಮ್ಮೋರೇ, ಇನ್‌ಸ್ಪೆಕ್ಷನ್ನಿಗೆ ಬಂದ್ರಾ?" ಎಂದು ಹಲ್ಲು ಕಿರಿಯುತ್ತಿದ್ದ. ಮೇಡಮ್ಮೋರೇ ಎಂದು ನನ್ನನ್ನು ಕರೆಯುತ್ತಿದ್ದವನು ಅವನೊಬ್ಬನೇ.

ಒಂದು ಬೆಳಿಗ್ಗೆ ಗಿರಿಜ ಚಟ್ನಿಗೆ ಮಿಕ್ಸಿ ಹಾಕಿದ್ದಳು. ಅವನು ರೂಮಿನಿಂದ ಕರೆದದ್ದು ಆ ಸದ್ದಿನಲ್ಲಿ ಕೇಳಿಸಲಿಲ್ಲ. ಎದ್ದು ಬಂದವನೇ, "ಕಿವಿ ಕೇಳಿಸಲ್ವೇನೇ?" ಎಂದು ಅಂಗೈಯಿಂದ ಎಡಗಿವಿಯ ಮೇಲೆ ಬಾರಿಸಿದ. ಅಂದಿನಿಂದ ನಿಜವಾಗಿಯೂ ಕೇಳಿಸಲಿಲ್ಲ. ಕಿವಿಯ ತಮಟೆ ಹರಿದದ್ದಲ್ಲದೆ ಒಳಗಿನ ನರಕ್ಕೂ ಪೆಟ್ಟು ಬಿದ್ದಿದೆ ಎಂದರು ಡಾಕ್ಟರು. ಹೇಗಾಯಿತು ಎಂದು ಕೇಳಿದಾಗ ನಂಜುಂಡನೇ ಮುಂದೆ ಬಿದ್ದು, "ಬಚ್ಚಲಲ್ಲಿ ಜಾರಿ ಬಿದ್ಲು ಸಾರ್," ಎಂದ. ಗಿರಿಜ ಹೌದೆಂದು ತಲೆಯಾಡಿಸಿದಳು. ಆಮೇಲೆ ಅವನು ನೆಂಟರಿಗೆ, ಅಕ್ಕಪಕ್ಕದವರಿಗೆ, ಮನೆ ಓನರಿಗೆ ಎಲ್ಲ ಅದನ್ನೇ ಹೇಳಿದ. ಹೇಳಿ ಹೇಳಿ ಅದೇ ನಿಜವಾಗಿ ಕೂತಿತು. "ಬಚ್ಚಲಲ್ಲಿ ಪಾಚಿ ಕಟ್ಟಿರುತ್ತೆ, ನೀನು ಉಜ್ಜಿ ತೊಳೀಬೇಕಿತ್ತು ಕಣೇ," ಎಂದಳು ನಮ್ಮಮ್ಮ. ಹೆತ್ತ ತಾಯಿ!

ನಾನೂ ಅಮ್ಮನೂ ಇದ್ದ ವಿಜಯನಗರದ ಮನೆಗೆ ಅವಳನ್ನು ಕರೆತಂದೆ. ಸೀರೆಗಳಿಗೆ ಕುಚ್ಚು ಹಾಕುತ್ತ ಇದ್ದಳು. ಪೊಲೀಸು, ಕೋರ್ಟು ಎಂದು ನಾನು ಹಾರಾಡಿದರೆ ಅವಳು ಬೇಡವೆನ್ನುವಳು. ಅವಳಿಗೆ ಬೇಕಾಗಿದ್ದದ್ದು ಬೇರೆ. "ಅವಳು ಬೀಳ್ಲಿಲ್ಲ, ನಾನೇ ಹೊಡೆದದ್ದು ಅಂತ ಅವನು ನಾಲ್ಕು ಜನರ ಮುಂದೆ ಒಂದ್ಸಲ ಹೇಳ್ಲಿ ಅಕ್ಕ. ನನಗೆ ಅಷ್ಟು ಸಾಕು." ಎರಡು ವರ್ಷ ಇದೊಂದೇ ಮಾತು.

ಆಗ ಸುದ್ದಿ ಬಂತು: ನಂಜುಂಡ ಕುಡಿಯುವುದನ್ನು ಬಿಟ್ಟಿದ್ದಾನೆ, ವರ್ಕ್‌ಶಾಪಿನ ಗೆಳೆಯನೊಬ್ಬನ ಜೊತೆ ಲಗ್ಗೆರೆಯ ಒಂದು ಪ್ರಾರ್ಥನಾ ಮನೆಗೆ ಹೋಗುತ್ತಿದ್ದಾನೆ, ಯೇಸುವನ್ನು ನಂಬಿದ್ದಾನೆ. ಕುಲ ಕೆಟ್ಟಿತೆಂದು ಅಮ್ಮ ಒಂದು ಹೊತ್ತು ಅತ್ತಳು. ಕುಡಿತ ಬಿಟ್ಟದ್ದು ಖಾತ್ರಿಯಾದ ಮೇಲೆ ಕಣ್ಣೊರೆಸಿಕೊಂಡು ಹಣೆಗೆ ವಿಭೂತಿ ಹಚ್ಚಿಕೊಂಡಳು. "ಯಾವ ದೇವರಾದ್ರೇನು, ಬುದ್ಧಿ ಬಂತಲ್ಲ. ಗಂಡನ ಮನೆಗೆ ಹೋಗು. ಒಂದು ಕಿವಿ ಹೋದ್ರೆ ಇನ್ನೊಂದಿಲ್ವಾ?"

ಒಂದು ದಿನ ಅವನೇ ಗಿರಿಜಳಿಗೆ ಫೋನ್ ಮಾಡಿದ. ಭಾನುವಾರ ತನಗೆ ದೀಕ್ಷಾಸ್ನಾನ, ಅದಕ್ಕೆ ಮುಂಚೆ ಸಭೆಯ ಮುಂದೆ ನಿಂತು ತಾನು ಹಿಂದೆ ಏನೇನಾಗಿದ್ದೆ ಎಂದು ಸಾಕ್ಷಿ ಹೇಳುವ ಪದ್ಧತಿ ಇದೆ, ನೀನು ಬರಬೇಕು, ಎಲ್ಲವನ್ನೂ ಹೇಳುತ್ತೇನೆ ಎಂದ. ಗಿರಿಜ ಫೋನಿಟ್ಟವಳು ಆ ವಾರವಿಡೀ ಸರಿಯಾಗಿ ಊಟ ಮಾಡಲಿಲ್ಲ. ನಾನು ನಾಟಕವೆಂದೆ. ಆದರೂ ಅವಳೊಬ್ಬಳನ್ನೇ ಕಳಿಸುವುದಕ್ಕೆ ಮನಸ್ಸು ಬರದೆ ಜೊತೆಗೆ ಹೋದೆ.

ಮೂರಂತಸ್ತಿನ ಮನೆಯ ತಾರಸಿ. ಶೀಟು ಹೊದಿಸಿದ ಚಪ್ಪರ, ಪ್ಲಾಸ್ಟಿಕ್ ಕುರ್ಚಿಗಳು, ಮೈಕು, ಬೀದಿಯ ಕಡೆಗೆ ತಿರುಗಿಸಿದ ಸ್ಪೀಕರು. ಮೂಲೆಯಲ್ಲಿ ಮೇಲ್ಭಾಗ ಕತ್ತರಿಸಿದ ಕಪ್ಪು ನೀರಿನ ಟ್ಯಾಂಕು. ಪಾಸ್ಟರ್ ಹಿಂದೆ ಬಸ್ ಕಂಡಕ್ಟರ್ ಆಗಿದ್ದವರಂತೆ. ಸುಳ್ಳುಗಾರರಲ್ಲ ಎಂಬುದನ್ನು ನಾನು ಹೇಳಲೇಬೇಕು. ಪುಣ್ಯ ಮಾಡಿ ದೇವರನ್ನು ಮೆಚ್ಚಿಸಲು ಯಾವ ಮನುಷ್ಯನಿಂದಲೂ ಆಗುವುದಿಲ್ಲ, ನಂಬಿದವನಿಗೆ ರಕ್ಷಣೆ ಪುಕ್ಕಟೆ ಸಿಗುತ್ತದೆ, ನೀರಿಗೆ ಇಳಿಯುವವನು ಹಳೆಯ ಮನುಷ್ಯ, ಎದ್ದು ಬರುವವನು ಹೊಸಬ ಎಂದು ಅವರು ವಿವರಿಸಿದರು. ಮಾಡಿದ್ದುಣ್ಣೋ ಮಹರಾಯ ಎಂದು ಕೇಳಿಕೊಂಡು ಬೆಳೆದ ನನಗೆ ಮೈ ಉರಿಯಿತು. ಹೊಡೆಸಿಕೊಂಡವಳು ಇಲ್ಲಿ ಕೂತಿದ್ದಾಳೆ, ಕ್ಷಮಿಸುವವನು ಇನ್ಯಾವನೋ!

ನಂಜುಂಡ ಬಿಳಿ ಪಂಚೆ, ಬಿಳಿ ಶರ್ಟಿನಲ್ಲಿ ಗಿರಿಜಳ ಬಲಗಡೆಗೆ ಬಂದು ನಿಂತ. ಯಾವ ಕಿವಿ ಕೇಳಿಸುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಬಂದ್ಯಾ ಗಿರಿಜಾ? ಇವತ್ತು ಎಲ್ಲಾ ಹೇಳ್ಬಿಡ್ತೀನಿ ಕಣೇ," ಎಂದ. ಕಣ್ಣಲ್ಲಿ ನೀರಿತ್ತು. ನನ್ನನ್ನು ನೋಡಿ ತಲೆ ತಗ್ಗಿಸಿದ. ಮೈಕು ಹಿಡಿದು, "ನಾನು ನನ್ನ ಹೆಂಡತಿಗೆ" ಎಂದದ್ದೇ ತಡ, ಕರೆಂಟು ಹೋಯಿತು.

ಬಿಸಿಲು ಏರುತ್ತಿತ್ತು. ಮೈಕಿಲ್ಲದೆ ಹೇಳಿದರೆ ಈ ಮೂವತ್ತು ಜನಕ್ಕೆ ಕೇಳಿಸುವುದಿಲ್ಲವೇ ಎಂದು ನಾನು ಎದ್ದು ನಿಂತೆ. ಗಿರಿಜ ನನ್ನ ಸೆರಗು ಹಿಡಿದು ಜಗ್ಗಿದಳು. "ಇರ್ಲಿ ಅಕ್ಕ, ಮೈಕಲ್ಲೇ ಹೇಳ್ಲಿ. ಇಡೀ ಬೀದಿಗೆ ಕೇಳಿಸ್ಲಿ." ಎಷ್ಟು ದಿನದ ಹಸಿವೋ ಅದು. ಪಾಸ್ಟರ್ ಕೂಡ, ಹಾಗಾದರೆ ನೀರು ಮೊದಲು ಆಗಲಿ, ಕರೆಂಟು ಬಂದ ಮೇಲೆ ಸಾಕ್ಷಿ ಹೇಳಿ ಬ್ರದರ್ ಎಂದುಬಿಟ್ಟರು.

ನಂಜುಂಡ ಟ್ಯಾಂಕಿಗೆ ಇಳಿದ. ಪಾಸ್ಟರ್ ಅವನ ಬೆನ್ನಿಗೆ ಕೈ ಕೊಟ್ಟು ಹಿಂದಕ್ಕೆ ಮಲಗಿಸಿ ಮುಳುಗಿಸಿದರು, ಎತ್ತಿದರು. ಒಂದು ಉಸಿರು ಬಿಡುವಷ್ಟು ಹೊತ್ತು. ಎದ್ದು ಬಂದ ಮುಖವನ್ನು ನಾನು ನೋಡಿದೆ. ಹುಬ್ಬುಗಳ ನಡುವೆ ಸದಾ ಇರುತ್ತಿದ್ದ ಗಂಟು ಇರಲಿಲ್ಲ. ನಿದ್ದೆ ತಿಳಿದೆದ್ದ ಮಗುವಿನ ಹಾಗೆ ಸುತ್ತಲೂ ನೋಡಿ ನಕ್ಕ. ಅಷ್ಟರಲ್ಲಿ ಕರೆಂಟು ಬಂತು. ತಲೆಯಿಂದ ನೀರಿಳಿಯುತ್ತಿದ್ದ ಹಾಗೆಯೇ ಮೈಕು ತೆಗೆದುಕೊಂಡ.

"ನಾನು ಪಾಪಿ ಆಗಿದ್ದೆ ಅಂತ ಹೇಳ್ತಾರೆ. ಏನ್ ಮಾಡಿದ್ದೆ ಅಂತ ನನಗೆ ಒಂದೂ ನೆನಪಿಲ್ಲ. ಕರ್ತನು ಎಲ್ಲಾ ತೊಳೆದುಬಿಟ್ಟಿದಾನೆ. ಸ್ತೋತ್ರ!"

ಜನ ಚಪ್ಪಾಳೆ ತಟ್ಟಿದರು, ಹಲ್ಲೆಲೂಯಾ ಎಂದರು. ಇಡೀ ಬೀದಿಗೆ ಕೇಳಿಸಿತು. ಗಿರಿಜ ಎದ್ದು ನೇರ ಅವನ ಮುಂದೆ ಹೋಗಿ ನಿಂತಳು. ಅವನು ಈ ಸಲ ಅವಳ ಎಡಗಡೆ ನಿಂತು ಏನೋ ಹೇಳಿದ. ಅವಳು ಕೇಳಿಸಲಿಲ್ಲವೆಂದು ಕೈಯಾಡಿಸಿ ಕಿವಿ ತೋರಿಸಿದಳು. ಅವನ ಮುಖದಲ್ಲಿ ಮರುಕ ಉಕ್ಕಿತು. "ಅಯ್ಯೋ, ಹುಟ್ಟಿದಾಗಿಂದ ಹಿಂಗೇನಾ ಸಿಸ್ಟರ್?"

ಸಿಸ್ಟರ್. ಪಾಸ್ಟರೇ ಗಾಬರಿಯಾಗಿ, ಬ್ರದರ್, ಇವರು ನಿಮ್ಮ ಮನೆಯವರು ಎಂದರು. "ಹೌದಾ?" ಎಂದ ನಂಜುಂಡ. ಮನೆ ಓನರ್ ಯಾರು, ಯಾವ ಬಸ್ಸು ಪೀಣ್ಯಕ್ಕೆ ಹೋಗುತ್ತದೆ ಎಲ್ಲ ಗೊತ್ತು ಅವನಿಗೆ. ಗಿರಿಜ ಮಾತ್ರ ಗೊತ್ತಿಲ್ಲ. ಪಾಪದ ಜೊತೆಯಲ್ಲಿ ಅವಳೂ ತೊಳೆದುಹೋಗಿದ್ದಳು. ಆಮೇಲೆ ಅವನು, ಬೇಡ ಎನ್ನುವುದರೊಳಗೆ, ಅದೇ ಅಂಗೈಯನ್ನು ಅದೇ ಕಿವಿಯ ಮೇಲಿಟ್ಟು ಕಣ್ಣು ಮುಚ್ಚಿ ಇದು ಗುಣವಾಗಲೆಂದು ಪ್ರಾರ್ಥಿಸಿದ. ಗಿರಿಜ ಮರಗಟ್ಟಿ ನಿಂತಿದ್ದಳು. ನಾನು ಅವನ ಕೈ ಕಿತ್ತೆಸೆದು ಅವಳನ್ನು ಎಳೆದುಕೊಂಡು ಮೆಟ್ಟಿಲಿಳಿದೆ.

ಅವಳು ಮನೆಗೆ ಬಂದು ಊಟ ಮುಗಿಸಿ, ಏನೂ ಆಗಿಲ್ಲವೆಂಬಂತೆ ಸೀರೆಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಕುಚ್ಚು ಕಟ್ಟಲು ಕೂತಳು. ನಡುಮಧ್ಯಾಹ್ನ. ಅಮ್ಮ ರೂಮಿನಲ್ಲಿ ಮಲಗಿದ್ದಳು, ಬೀದಿಯಲ್ಲಿ ತರಕಾರಿ ಗಾಡಿಯವನೂ ಇರಲಿಲ್ಲ. ಗಿರಿಜ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ತಲೆ ಓರೆ ಮಾಡಿದಳು. "ಅಕ್ಕ, ಈ ಕಿವೀಲಿ ಯಾರೋ ಮಾತಾಡ್ತಿದಾರೆ."

ಸತ್ತ ಕಿವಿಯಲ್ಲಿ ಸದ್ದು ಬರುವುದು ಹೊಸದಲ್ಲ, ಅದು ಮೆದುಳಿನ ಚೇಷ್ಟೆ ಎಂದು ನಾನು ಪಾಠ ಶುರುಮಾಡಿದೆ. ಅವಳು ಒಪ್ಪಲಿಲ್ಲ. ಬಿಳಿಚಿಕೊಂಡಿದ್ದಳು. ಅವಳ ಸಮಾಧಾನಕ್ಕೆಂದು ಪಕ್ಕದಲ್ಲಿ ಕೂತು ನನ್ನ ಕಿವಿಯನ್ನು ಅವಳ ಎಡಗಿವಿಗೆ ಒತ್ತಿ ಹಿಡಿದೆ.

ಮೊದಲು ಏನೂ ಇಲ್ಲ. ಆಮೇಲೆ ಅನ್ನ ಕುದಿಯುವಂಥ ಸದ್ದು. ಅದರೊಳಗಿನಿಂದ ಒಂದು ಗಂಡಸಿನ ದನಿ, ದೂರದಿಂದ ಹತ್ತಿರ ಬಂದ ಹಾಗೆ, ಸ್ಪಷ್ಟವಾಗಿ: "ಬನ್ನಿ ಮೇಡಮ್ಮೋರೇ, ನೀವೂ ಬಂದ್ರಾ ಕೇಳಕ್ಕೆ?"

ನನ್ನ ತಲೆ ತಾನಾಗಿ ಹಿಂದೆ ಸರಿಯಿತು. ಗಿರಿಜ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. ಮತ್ತೆ ಕೇಳಿದೆ. ನಂಜುಂಡನ ದನಿ, ಹಳೆಯ ನಂಜುಂಡನದು, ಹಲ್ಲು ಕಿರಿಯುತ್ತಿರುವುದು ಕಣ್ಣಿಗೆ ಕಟ್ಟುವಂತೆ. "ಯಾವ ಬಚ್ಚಲೂ ಇಲ್ಲ, ಜಾರಿದ್ದೂ ಇಲ್ಲ. ನಾನೇ ಹೊಡೆದದ್ದು. ಏನೀಗ?"

ಕಿವಿಯ ಡಾಕ್ಟರ ಹತ್ತಿರ ಹೋದೆವು. ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಏನೂ ಇಲ್ಲ ಎಂದರು. ರಕ್ತನಾಳದ ಸದ್ದು ಕೆಲವೊಮ್ಮೆ ಪಕ್ಕದವರಿಗೂ ಕೇಳಿಸುವುದುಂಟು, ಆದರೆ ಅದು ಮಾತಾಡುವುದಿಲ್ಲ ಎಂದು ನಕ್ಕರು. ಅತ್ತ ಪಾಸ್ಟರು ನಂಜುಂಡನನ್ನು ಆಸ್ಪತ್ರೆಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದರು. ತಲೆಯಲ್ಲಿ ಯಾವ ದೋಷವೂ ಇರಲಿಲ್ಲ. ನಾಟಕವಾಗಿದ್ದರೆ ಎಂದಾದರೂ ಒಂದು ದಿನ ಬಯಲಾಗಬೇಕಿತ್ತು. ಆಗಲಿಲ್ಲ. ಅವನು ನಿಜವಾಗಿಯೂ ಒಳ್ಳೆಯವನಾಗಿದ್ದ. ರೋಗಿಗಳ ಸೇವೆ ಮಾಡುತ್ತಾನೆ, ಬೀದಿಯ ಮಕ್ಕಳು ಅವನ ಹೆಗಲೇರುತ್ತವೆ. ಆ ಒಳ್ಳೆಯತನವನ್ನು ಕಂಡರೆ ನನಗೆ ಹಳೆಯ ನಂಜುಂಡನ ಮೇಲಿದ್ದುದಕ್ಕಿಂತ ಹೆಚ್ಚು ದ್ವೇಷ ಬರುತ್ತದೆ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ತಡೆಯಲಾರದೆ ಪಾಸ್ಟರನ್ನು ಕೇಳಿದೆ, ಆ ಹಳೆಯ ಮನುಷ್ಯ ಎಲ್ಲಿಗೆ ಹೋದ?

"ಹೋಗೋದೇನು ಟೀಚರ್, ಸತ್ತ. ನೀರಲ್ಲೇ ಹೂತುಬಿಟ್ವಿ."

"ಹೆಣ ಎಲ್ಲಿ?"

ಗಿರಿಜಳ ಕಿವಿಯಲ್ಲಿ ನಾನು ಕೇಳಿದ ದನಿಯ ಸಂಗತಿಯನ್ನೆಲ್ಲ ಹೇಳಿದಾಗ ಅವರ ಮುಖ ಸಪ್ಪಗಾಯಿತು. ಮುಂದಿನ ವಾರ ಅವರೂ ನಂಜುಂಡನೂ ನಮ್ಮ ಮನೆಗೆ ಬಂದರು. ಕಾಯಿಲೆಯವರನ್ನು ನೋಡಲು ಬರುವವರ ಹಾಗೆ ನಂಜುಂಡ ಮೂಸಂಬಿ ತಂದಿದ್ದ. ಅಮ್ಮ ಅಳಿಯನಿಗೆಂದು ಶಾವಿಗೆ ಪಾಯಸ ಮಾಡಿದ್ದಳು. "ಸಿಸ್ಟರ್ ಅಂದ್ರೇನಂತೆ, ನಾಲ್ಕು ದಿನ ಕೈಯಡುಗೆ ತಿಂದ್ರೆ ಹೆಂಡ್ತಿ ಅಂತ ನೆನಪಾಗುತ್ತೆ," ಎಂಬುದು ಅವಳ ಲೆಕ್ಕಾಚಾರ. ನಂಜುಂಡ ಗಿರಿಜಳ ಮುಂದೆ ನೆಲದ ಮೇಲೆ ಮಂಡಿಯೂರಿ ಕೂತ. ನಿಜವಾಗಿ ಅಳುತ್ತಿದ್ದ.

"ಯಾವ ದುಷ್ಟ ನಿಮ್ಮನ್ನ ಹಿಂಗೆ ಕಾಡ್ತಿದಾನೆ ಸಿಸ್ಟರ್? ಒಪ್ಪಿಗೆ ಕೊಡಿ, ಕರ್ತನ ಹೆಸರಲ್ಲಿ ಈಗ್ಲೇ ಓಡಿಸ್ತೀನಿ. ನೀವು ನಂಬಿದ್ರೆ ಸಾಕು."

ಗಿರಿಜ ಅವನನ್ನು ನೋಡುತ್ತಲೇ ಇದ್ದಳು. ಆ ಮುಖದಲ್ಲಿ ಎಲ್ಲಾದರೂ ಒಂದು ಗುರುತು ಸಿಗುತ್ತದೇನೋ ಎಂದು ಹುಡುಕುತ್ತಿದ್ದಳೆಂದು ನನಗೆ ತೋರಿತು. ಕೊನೆಗೆ, ಬೇಡ, ನೀವು ಹೊರಡಿ ಎಂದಳು. ಅವರಿಬ್ಬರೂ ಹೋದ ಮೇಲೆ ನಾನು ಅವಳ ಮೇಲೆ ರೇಗಿದೆ. ಪ್ರಾರ್ಥನೆಯಲ್ಲಿ ನನಗೆ ನಂಬಿಕೆಯಿಲ್ಲ, ಆದರೂ ಆ ನೀಚನ ದನಿ ತೊಲಗುವುದಾದರೆ ತೊಲಗಲಿ ಎನ್ನುವಷ್ಟು ನಾನು ಸೋತಿದ್ದೆ. ಅವಳು ಸೂಜಿಗೆ ದಾರ ಪೋಣಿಸಿಕೊಳ್ಳುತ್ತ ಹೇಳಿದಳು:

"ನಾನೇ ಮಾಡಿದ್ದು ಅಂತ ಒಪ್ಕೊಳ್ಳೋನು ಈ ಲೋಕದಲ್ಲಿ ಅವನೊಬ್ಬನೇ ಅಲ್ವಾ ಅಕ್ಕ? ಅವನನ್ನೂ ಓಡಿಸಿಬಿಟ್ರೆ, ನಾನು ಬಚ್ಚಲಲ್ಲಿ ಬಿದ್ದೋಳೇ ಆಗಿಬಿಡ್ತೀನಿ."

ಆಮೇಲೆ ಅವಳು ನನ್ನನ್ನು ಆ ಕಿವಿಯ ಹತ್ತಿರ ಬರಲು ಬಿಟ್ಟಿಲ್ಲ. ಅಂದು ಕೇಳಿದ್ದೇನು, ಅದು ಎಲ್ಲಿಂದ ಬಂತು ಎಂದು ನಾನು ಓದಿದ ಯಾವ ಪುಸ್ತಕವೂ ಹೇಳುವುದಿಲ್ಲ. ನನ್ನ ಕಿವಿಯೇ ಸುಳ್ಳಾಡಿತು ಎಂದುಕೊಳ್ಳಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ಈಗ ಮೂರು ವರ್ಷವಾಗುತ್ತ ಬಂತು. ಒಂದೇ ರೂಮಿನಲ್ಲಿ ಮಲಗುತ್ತೇವಾದ್ದರಿಂದ ದಿನವೂ ನೋಡುತ್ತೇನೆ: ಗಿರಿಜ ಕೇಳಿಸುವ ಕಿವಿಯನ್ನು ದಿಂಬಿಗೆ ಒತ್ತಿಕೊಂಡು ಮಲಗುತ್ತಾಳೆ.